ಮಾಂಟಿ ಪೈಥಾನ್: ಬಿಡಿ ಕ್ಲಿಪ್ ನೋಡಿದ್ರೆ ನಗು, ಪೂರ್ತಿ ಎಪಿಸೋಡ್ ನೋಡಿದ್ರೆ ಗೊಂದಲ. ಯಾಕೆ?

ಅರ್ಧಟಿಕೆಟ್:

ಮಾಂಟಿ ಪೈಥಾನ್ ಅನ್ನೋ ಬ್ರಿಟಿಷ್ ಹಾಸ್ಯ ತಂಡದ ಹಳೇ ಟೀವಿ ಕಾರ್ಯಕ್ರಮ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಬಗ್ಗೆ ಬಲ್ಲವರು ಹೇಳಿ. ಸತ್ತ ಗಿಣಿ, ಸಿಲ್ಲಿ ವಾಕ್ಸ್ (ವಿಚಿತ್ರ ನಡಿಗೆಗೊಂದು ಸರ್ಕಾರಿ ಖಾತೆ), ವಾದದ ಕ್ಲಿನಿಕ್ಕು, ಈ ಸ್ಕೆಚ್ ಅಥವಾ ಕಿರು ಪ್ರಹಸನಗಳೆಲ್ಲ ಬಿಡಿಯಾಗಿ ಚೆನ್ನಾಗಿವೆ. ಆದರೆ ಮೊದಲ ಸರಣಿಯಿಂದ ಸಾಲಾಗಿ ನೋಡ್ತಾ ಹೋದರೆ ತಲೆಬುಡ ಸಿಗ್ತಿಲ್ಲ. ಒಂದು ಸ್ಕೆಚ್ ಕಾವೇರೋ ಹೊತ್ತಿಗೆ ಯಾರೋ ಬಂದು ನಿಲ್ಲಿಸ್ತಾರೆ, ಇಲ್ಲಾ ಕಾರ್ಟೂನ್ ನುಗ್ಗುತ್ತೆ. ಮೂರು ಪ್ರಶ್ನೆ:

1. ಐವತ್ತು ವರ್ಷ ದಾಟಿದರೂ ಇದು ಉಳಿದಿರೋದಕ್ಕೆ ನಿಜವಾದ ಕಾರಣ ಏನು? ಹಳೇ ನೆನಪಿನ ಮೋಹ ಅಷ್ಟೇನಾ?
2. ಯಾವ ಎಪಿಸೋಡಿನಿಂದ ಶುರು ಮಾಡಿದರೆ ಸರಿ?
3. ನನ್ನ ಹತ್ತಿರ ಇರೋ ಡಿವಿಡಿಯಲ್ಲಿ ಯಾರಾದರೂ ಕೈ ಬೀಸಿದರೆ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತೆ. ಒಳಗಿನ ದೃಶ್ಯ ಒಂಥರಾ, ಬೀದಿಯ ದೃಶ್ಯ ಇನ್ನೊಂಥರಾ. ಡಿಸ್ಕ್ ಕೆಟ್ಟಿದೆಯಾ?

---

ತೆರೆಹಿಂದೆ:

ಮಧ್ಯದಲ್ಲಿ ನಿಲ್ಲಿಸೋದೇ ಅದರ ಕಸುಬು. ಮೊದಲ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಆಗಿನ ಬ್ರಿಟಿಷ್ ಟೀವಿಯಲ್ಲಿ ಸ್ಕೆಚ್ ಅಂದರೆ ಒಂದು ಸನ್ನಿವೇಶ, ಕೆಲವೇ ನಿಮಿಷದ ಮಾತು, ಕೊನೆಗೊಂದು ಪಂಚ್‌ಲೈನ್, ಚಪ್ಪಾಳೆ. ಬರೆಯೋರಿಗೆಲ್ಲ ಗೊತ್ತಿರೋ ತೊಂದರೆ ಏನಂದ್ರೆ ಒಳ್ಳೆ ಕಲ್ಪನೆಗೆ ತಕ್ಕ ಕೊನೆ ಸಿಗೋದು ಅಪರೂಪ. ಹೇಗಾದರೂ ಮುಗಿಸಬೇಕಲ್ಲ ಅಂತ ತಂದು ಅಂಟಿಸಿದ ಪಂಚ್‌ಲೈನೇ ಎಷ್ಟೋ ಸಲ ಇಡೀ ಸ್ಕೆಚ್‌ನ ಅತ್ಯಂತ ಪೇಲವ ಸಾಲಾಗಿರುತ್ತೆ. 1969ರ ಮಾರ್ಚ್‌ನಲ್ಲಿ ಬಿಬಿಸಿ2ರಲ್ಲಿ ಶುರುವಾದ ಹಾಸ್ಯಗಾರ ಸ್ಪೈಕ್ ಮಿಲಿಗನ್‌ರ ‘ಕ್ಯೂ5’ ಈ ಕಟ್ಟುಪಾಡನ್ನ ಕಿತ್ತೆಸೆದು ಸ್ಕೆಚ್‌ಗಳನ್ನ ಅರ್ಧಕ್ಕೇ ಕೈಬಿಡ್ತು. ಮುಂದೆ ಪೈಥಾನ್ ತಂಡದವರಾದ ಟೆರ್ರಿ ಜೋನ್ಸ್ ಅದನ್ನ ನೋಡಿದ್ರು. ಇನ್ನೊಂದು ಕಡೆ ಅದೇ ತಂಡದ ಟೆರ್ರಿ ಗಿಲಿಯಂ ‘ಡು ನಾಟ್ ಅಡ್ಜಸ್ಟ್ ಯುವರ್ ಸೆಟ್’ ಅನ್ನೋ ಟೀವಿ ಕಾರ್ಯಕ್ರಮಕ್ಕೆ ಮಾಡಿದ್ದ ಅನಿಮೇಷನ್‌ನಲ್ಲಿ ಒಂದು ಚಿತ್ರ ಇನ್ನೊಂದಾಗಿ, ಅದು ಮತ್ತೊಂದಾಗಿ ಹರೀತಾ ಹೋಗ್ತಿತ್ತು. ಇಡೀ ಅರ್ಧ ಗಂಟೆಯನ್ನೇ ಹಾಗೆ ಹರಿಸಿದರೆ ಹೇಗೆ ಅನ್ನೋದು ಜೋನ್ಸ್‌ ತಲೆಗೆ ಬಂತು. 1969ರ ಅಕ್ಟೋಬರ್ 5ಕ್ಕೆ ಬಿಬಿಸಿ1ರಲ್ಲಿ ಪೈಥಾನ್ ಶುರುವಾದಾಗ ಆ ರೂಪ ಕಣ್ಣಿಗೆ ಬಿತ್ತು.

ಸ್ಕೆಚ್‌ನಿಂದ ಹೊರಬೀಳೋಕೆ ಅವರು ಇಟ್ಟುಕೊಂಡಿದ್ದ ಬಾಗಿಲುಗಳನ್ನ ಗಮನಿಸಿ. ತಂಡದ ಗ್ರಹಾಂ ಚಾಪ್ಮನ್‌ರ ಕರ್ನಲ್ ಬಂದು ‘ತೀರಾ ಸಿಲ್ಲಿಯಾಯ್ತು’ ಅಂತ ನಿಲ್ಲಿಸ್ತಾನೆ. ಹದಿನಾರು ಟನ್ ತೂಕ ಮೇಲಿಂದ ಬೀಳುತ್ತೆ. ಕಬ್ಬಿಣದ ಕವಚ ತೊಟ್ಟವನೊಬ್ಬ ರಬ್ಬರ್ ಕೋಳಿಯಲ್ಲಿ ತಲೆಗೆ ಬಾರಿಸ್ತಾನೆ. ಡಿನ್ನರ್ ಸೂಟಿನ ನಿರೂಪಕ ಮೇಜಿನ ಸಮೇತ ಎಲ್ಲೋ ಕೂತು ಮುಂದಿನದಕ್ಕೆ ದಾರಿ ಮಾಡ್ತಾನೆ. ಒಂದರ ಪಾತ್ರ ಇನ್ನೊಂದರೊಳಗೆ ನಡೆದುಕೊಂಡು ಹೋಗುತ್ತೆ. ಈ ಕೊಂಡಿಗಳೇ ಅರ್ಧ ಹಾಸ್ಯ. ಕ್ಲಿಪ್ ಮಾಡೋರು ಕತ್ತರಿ ಹಾಕೋದು ಸರಿಯಾಗಿ ಅಲ್ಲೇ.

ಆದರೆ ಅಸಂಬದ್ಧ ಅಂದಮಾತ್ರಕ್ಕೆ ಬಾಯಿಗೆ ಬಂದದ್ದಲ್ಲ. ಒಳಗೆ ಬಿಗಿಯಾದ ತರ್ಕ ಇದೆ. ‘ವಾದದ ಕ್ಲಿನಿಕ್’ ತಗೊಳ್ಳಿ. ಐದು ನಿಮಿಷದ ವಾದಕ್ಕೆ ಒಂದು ಪೌಂಡ್, ಹತ್ತರ ಕೋರ್ಸಿಗೆ ಎಂಟು ಪೌಂಡ್. ಅಂದರೆ ಜಗಳವನ್ನ ಸೇವೆಯಾಗಿ ಮಾರೋ ಒಂದು ಕಚೇರಿ, ರಸೀದಿ ರೀತಿ-ರಿವಾಜಿನ ಸಮೇತ. ಗಿರಾಕಿಯಾಗಿ ಬಂದ ಮೈಕಲ್ ಪೇಲಿನ್‌ಗೆ ಬೇಕಿರೋದು ವಾದ, ವಾದ ಮಾರೋ ಜಾನ್ ಕ್ಲೀಸ್ ಕೊಡ್ತಿರೋದು ಬರೀ ‘ಇಲ್ಲ’. ಇದು ವಾದವೇ ಅಲ್ಲ ಅಂತ ಸಾಧಿಸೋಕೆ ಪೇಲಿನ್ ವಾದ ಮಾಡಲೇಬೇಕು, ಅಲ್ಲಿಗೆ ಕ್ಲಿನಿಕ್ ತನ್ನ ಸೇವೆ ಕೊಟ್ಟಂತಾಯ್ತು! ಹೊತ್ತು ಮುಗಿದ ಮೇಲಿನ ಪೇಚು ಇನ್ನೂ ಚೆಂದ: ದುಡ್ಡು ಕೊಟ್ಟಿಲ್ಲ ಅಂದಮೇಲೆ ಈತ ಇನ್ನೂ ಯಾಕೆ ವಾದಿಸ್ತಿದ್ದಾನೆ? ಎರಡೇ ನಿಯಮ, ಅವನ್ನ ಎಲ್ಲೂ ಮುರಿಯೋದಿಲ್ಲ. ಕೊನೆಗೆ ಪೊಲೀಸರು ಬಂದು, ಪಂಚ್‌ಲೈನ್ ಇಲ್ಲದೆ ಸ್ಕೆಚ್ ಮುಗಿಸಿದ ಆರೋಪದ ಮೇಲೆ ಎಲ್ಲರನ್ನೂ ಹಿಡೀತಾರೆ. ಆಮೇಲೆ ಆ ಪೊಲೀಸರಿಗೂ ಅದೇ ಗತಿ.

ಸತ್ತ ಗಿಣಿಯಲ್ಲೂ ಇದೇ ಬಿಗಿ. ಕೊಂಡ ಗಿಣಿ ಸತ್ತಿದೆ ಅಂತ ಗಿರಾಕಿ ಅಂಗಡಿಗೆ ವಾಪಸ್ ತರ್ತಾನೆ. ಅಂಗಡಿಯವನ ನಿಯಮ: ಏನೇ ಆದರೂ ಒಪ್ಪಿಕೊಳ್ಳಬಾರದು. ಗಿರಾಕಿಯ ನಿಯಮ: ಸಾಕ್ಷಿ ಕೊಡ್ತಾ ಹೋಗಬೇಕು. ಇದರ ಮೂಲ 1968ರ ‘ಹೌ ಟು ಇರಿಟೇಟ್ ಪೀಪಲ್’ ಕಾರ್ಯಕ್ರಮದಲ್ಲಿತ್ತು, ಅಲ್ಲಿ ಕೆಟ್ಟಿದ್ದು ಕಾರು. ಕೆಟ್ಟ ಕಾರಿನ ಬಗ್ಗೆ ಸುಳ್ಳು ಹೇಳೋರು ಎಲ್ಲಾ ಕಡೆ ಸಿಗ್ತಾರೆ, ರಿಪೇರಿಯಾದರೆ ಜಗಳ ಮುಗೀತು. ಸತ್ತ ಹಕ್ಕಿಗೆ ರಿಪೇರಿ ಇಲ್ಲ, ನಿರಾಕರಿಸೋಕೆ ದಾರಿಯೂ ಇಲ್ಲ, ಆದರೂ ಆತ ಜಗ್ಗೋದಿಲ್ಲ. ಸಾಮಾನೊಂದನ್ನ ಬದಲಿಸಿದ್ದಕ್ಕೇ ಸ್ಕೆಚ್ ಬೇರೆ ಮಟ್ಟಕ್ಕೆ ಹೋಯ್ತು.

ಇನ್ನೊಂದು: ಗಿಣಿ ಮುಗಿದ ಕೂಡಲೆ ಮರ ಕಡಿಯೋನ ಹಾಡು ಬರುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗೆ ಜೋಡಿಸಿದ್ದು ತಂಡದ 1971ರ ಸಿನಿಮಾದಲ್ಲಿ. ಟೀವಿಯಲ್ಲಿ ಗಿಣಿ ಬಂದಿದ್ದು 1969ರ ಡಿಸೆಂಬರ್ 7ಕ್ಕೆ, ಹಾಡು ಮುಂದಿನ ವಾರ, 14ಕ್ಕೆ.

---

ಹಳೇಟೇಪು:

ಮೂರನೆಯದಕ್ಕೆ: ಡಿಸ್ಕ್ ಸರಿಯಾಗಿಯೇ ಇದೆ, ಪ್ಲೇಯರ್ ಸೆಟ್ಟಿಂಗ್ ತಪ್ಪಿದೆ.

ಸ್ಟುಡಿಯೋ ಭಾಗವನ್ನು ಎರಡು ಇಂಚು ಅಗಲದ ವಿಡಿಯೋ ಟೇಪಿಗೆ ರೆಕಾರ್ಡ್ ಮಾಡುತ್ತಿದ್ದರು. ಬ್ರಿಟನ್ನಿನ ಪ್ಯಾಲ್ ಎಂಬ ಟೀವಿ ಪದ್ಧತಿ, 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮಿಗೆ ಎರಡು ಫೀಲ್ಡ್: ಒಂದರಲ್ಲಿ ಬೆಸ ಗೆರೆ, ಒಂದರಲ್ಲಿ ಸಮ ಗೆರೆ. ಎರಡರ ನಡುವೆ 1/50 ಸೆಕೆಂಡ್ ಅಂತರ ಇರುವುದರಿಂದ, ಎರಡನ್ನೂ ಒಟ್ಟಿಗೆ ತೋರಿಸಿದರೆ ಬೀಸುವ ಕೈ ಎರಡು ಜಾಗದಲ್ಲಿ ಕಾಣುತ್ತದೆ. ನಿಮ್ಮ ಬಾಚಣಿಗೆ ಗೆರೆ ಅದೇ. ಹೊರಾಂಗಣ ಮಾತ್ರ 16 ಎಂಎಂ ಫಿಲ್ಮ್. ಅದರಲ್ಲಿ ಎರಡೂ ಫೀಲ್ಡ್ ಒಂದೇ ಕ್ಷಣದ್ದು, ಹಾಗಾಗಿ ಗೆರೆ ಇಲ್ಲ, ಆದರೆ ಚಲನೆ ಕೊಂಚ ಒರಟು, ಕಾಳುಕಾಳು ಜಾಸ್ತಿ. ಆ ಕಾಲದ ಬ್ರಿಟಿಷ್ ಕಾರ್ಯಕ್ರಮಗಳಲ್ಲಿ ಇದು ಮಾಮೂಲು. ಪೈಥಾನ್ ತಂಡ ಇದನ್ನೇ ಹಾಸ್ಯ ಮಾಡಿದೆ. ಎರಡನೇ ಸರಣಿಯ ಐದನೇ ಎಪಿಸೋಡಿನಲ್ಲಿ ಒಂದು ಸಭೆಯವರು ಬಾಗಿಲಿಂದ ಹೊರಗೆ ಕಾಲಿಟ್ಟು, ತಾವು ಫಿಲ್ಮಿಗೆ ಬಂದುಬಿಟ್ಟೆವೆಂದು ಹೆದರಿ ಒಳಗೆ ಓಡುತ್ತಾರೆ. ಎರಡರ ವ್ಯತ್ಯಾಸ ಅಳಿಸಿಹೋಗುವಂತೆ ಸೆಟ್ ಮಾಡಿದ ಟೀವಿಯಲ್ಲಿ ಆ ಹಾಸ್ಯವೇ ಅರ್ಥವಾಗದು.

ಸರಿಮಾಡುವುದು ಹೀಗೆ:

- ವಿಎಲ್‌ಸಿ ಪ್ಲೇಯರಿನಲ್ಲಿ ಡಿಇಂಟರ್‌ಲೇಸ್ (ಬೆರೆತ ಫೀಲ್ಡ್ ಬಿಡಿಸುವುದು) ಆನ್ ಮಾಡಿ, ಮೋಡ್ ‘ಯಾಡಿಫ್ 2ಎಕ್ಸ್’ ಇಡಿ. ಪ್ರತಿ ಫೀಲ್ಡ್ ಒಂದೊಂದು ಚಿತ್ರವಾಗಿ ಸೆಕೆಂಡಿಗೆ 50 ಬರುತ್ತದೆ. ಬರೀ ‘ಯಾಡಿಫ್’ ಇಟ್ಟರೆ 25 ಮಾತ್ರ, ಸ್ಟುಡಿಯೋ ಚಲನೆಯ ನುಣುಪು ಹೋಗುತ್ತದೆ. ‘ಬ್ಲೆಂಡ್’ ಬೇಡ, ನೆರಳು ಮೂಡುತ್ತದೆ.
- ಫೈಲಿಗೆ ಇಳಿಸುವುದಾದರೆ ವಿಡಿಯೋ ಸಾಫ್ಟ್‌ವೇರ್ ಆದ ಎಫ್‌ಎಫ್‌ಎಂಪೆಗ್‌ನ ಬಾಬ್ ವೀವರ್ ಫಿಲ್ಟರ್ ಉತ್ತಮ. ಫೀಲ್ಡ್ ಕ್ರಮ ಉಲ್ಟಾ ಆದರೆ ನಡೆಯುವವರು ಒಂದು ಹೆಜ್ಜೆ ಮುಂದೆ, ಅರ್ಧ ಹಿಂದೆ ನಡುಗಿದಂತೆ ಕಾಣುತ್ತಾರೆ. ಆಗ ಟಾಪ್ ಫೀಲ್ಡ್, ಬಾಟಮ್ ಫೀಲ್ಡ್ ಅದಲುಬದಲು ಮಾಡಿ.
- ಅನುಪಾತ 4:3 ಇರಲಿ. ಡಿವಿಡಿಯಲ್ಲಿ ಚಿತ್ರ 720×576 ಇದ್ದರೂ ಚೌಕ ಪಿಕ್ಸೆಲ್ಲಿನಲ್ಲಿ 768×576ಕ್ಕೆ ಬರಬೇಕು. ಅಗಲ ಟೀವಿಗೆ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪ. ಝೂಮ್ ಮಾಡಿ ತುಂಬಿಸಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ, ಅದರ ಜತೆ ತೆರೆಬರಹವೂ.
- ಎನ್‌ಟಿಎಸ್‌ಸಿ (ಅಮೆರಿಕದ ಟೀವಿ ಪದ್ಧತಿ) ಡಿಸ್ಕ್ ಆಗಿದ್ದರೆ 50 ಫೀಲ್ಡನ್ನು 60ಕ್ಕೆ ಬದಲಿಸುವಾಗಲೇ ಪಕ್ಕಪಕ್ಕದ ಚಿತ್ರಗಳು ಬೆರೆತಿರುವ ಸಾಧ್ಯತೆ ಹೆಚ್ಚು. ಅದನ್ನು ಮನೆಯಲ್ಲಿ ಬಿಡಿಸಲಾಗದು. ಪ್ಯಾಲ್ ಡಿಸ್ಕ್ ಅಥವಾ 2019ರಲ್ಲಿ ಬ್ರಿಟನ್ನಿನಲ್ಲಿ ಬಂದ ಬ್ಲೂ-ರೇ ಹುಡುಕಿ.
- ಎಐ ಬಳಸಿ 4ಕೆ ಮಾಡಿದ ಕ್ಲಿಪ್ಪುಗಳನ್ನು ನಂಬಬೇಡಿ. ಟೇಪಿನ 625 ಗೆರೆಯಲ್ಲಿ ಚಿತ್ರವಿರುವುದೇ 576ರಲ್ಲಿ. ಇಲ್ಲದ ವಿವರವನ್ನು ಯಂತ್ರ ಊಹಿಸುತ್ತದೆ: ಮುಖ ಮೇಣವಾಗುತ್ತದೆ, ಗಿಲಿಯಂ ಬಳಸಿದ ಹಳೆಯ ಅಚ್ಚುಚಿತ್ರಗಳ ಸಣ್ಣ ಗೀರುಗಳೆಲ್ಲ ಕಲಸಿಹೋಗುತ್ತವೆ.

ಕೊಸರು: ಮೊದಲ ಎಪಿಸೋಡುಗಳನ್ನು ಬಣ್ಣದಲ್ಲೇ ರೆಕಾರ್ಡ್ ಮಾಡಿದ್ದರೂ ಬಿಬಿಸಿ1 ಬಣ್ಣಕ್ಕೆ ಬಂದದ್ದು 1969ರ ನವೆಂಬರ್ 15ಕ್ಕೆ. ಅಂದರೆ ಶುರುವಿನ ಕೆಲವು ವಾರ ಎಲ್ಲರೂ ನೋಡಿದ್ದು ಕಪ್ಪು-ಬಿಳುಪು.

---

ನೆಟ್ಟಗೆಹೇಳು:

ತೆರೆಹಿಂದೆಯವರ ಮಾತು ಮುಕ್ಕಾಲು ಒಪ್ಪಿದೆ. ಆದರೆ ‘ರೂಪ ಚೆನ್ನಾಗಿತ್ತು, ಅದಕ್ಕೇ ಉಳೀತು’ ಅನ್ನೋದು ಅರ್ಧ ಕಥೆ. ಮೊದಲನೆಯ ಕಾರಣ, ಟೇಪ್ ಉಳಿದಿದೆ! ಆಗ ಟೇಪ್ ದುಬಾರಿ, ಒಂದನ್ನ ಅಳಿಸಿ ಇನ್ನೊಂದನ್ನ ರೆಕಾರ್ಡ್ ಮಾಡೋದು ಮಾಮೂಲು. ಆಗಿನ ಹಾಸ್ಯ ಜೋಡಿ ಪೀಟರ್ ಕುಕ್, ಡಡ್ಲಿ ಮೂರ್ ಅವರ ‘ನಾಟ್ ಓನ್ಲಿ... ಬಟ್ ಆಲ್ಸೋ’ದ ಎಷ್ಟೋ ಎಪಿಸೋಡ್ ಹೀಗೇ ಹೋದವು. ಕ್ಲೀಸ್, ಚಾಪ್ಮನ್ ಇದ್ದ ‘ಅಟ್ ಲಾಸ್ಟ್ ದ 1948 ಶೋ’ಗೂ ಅದೇ ಆಯ್ತು, ಆಮೇಲೆ ಅಲ್ಲಿ ಇಲ್ಲಿ ಸಿಕ್ಕಿದ್ದನ್ನ ಕೂಡಿಸಿಕೊಂಡರು. ಪೈಥಾನ್‌ನ 45ಕ್ಕೆ 45 ಎಪಿಸೋಡ್ ನಮ್ಮ ಕೈಲಿವೆ. ನೋಡೋಕೆ ಸಿಗದ್ದು ಕ್ಲಾಸಿಕ್ ಆಗೋದು ಹೇಗೆ?

ಎರಡನೆಯದು, ಅಂದಂದಿನ ಸುದ್ದಿಯನ್ನ ಹೆಚ್ಚು ಮುಟ್ಟಲಿಲ್ಲ. ಅವರು ಗುರಿಯಿಟ್ಟಿದ್ದು ಟೀವಿಯ ಶೈಲಿಗೇ: ಸಂದರ್ಶನ, ಸಾಕ್ಷ್ಯಚಿತ್ರ, ಚುನಾವಣಾ ರಾತ್ರಿಯ ಫಲಿತಾಂಶ. ಸಿಲ್ಲಿ ಪಾರ್ಟಿಯ ಚುನಾವಣೆ ಸ್ಕೆಚ್‌ನಲ್ಲಿ ಅಂಕಿ ಹೇಳೋರು, ಅಂಕಿಗೆ ಅರ್ಥ ಹಚ್ಚೋರು, ಅರ್ಥವಿಲ್ಲದ ಅಂಕಿಗೂ ಗಂಭೀರ ಮುಖ ಮಾಡೋರು ಇದ್ದಾರಲ್ಲ, ಅವರೆಲ್ಲ ಇವತ್ತೂ ಹಾಗೇ ಕೂತಿದ್ದಾರೆ. ಎಲ್ಲಿ ಆಗಿನ ಒಬ್ಬ ನಿರೂಪಕನನ್ನೋ ಮಂತ್ರಿಯನ್ನೋ ಅಣಕಿಸಿದ್ದಾರೋ ಅಲ್ಲಿ ಇವತ್ತು ಮೌನ.

ಹಳಸಿದ್ದೂ ಇದೆ, ಮುಚ್ಚಿಡೋದು ಬೇಡ. ಮುಖಕ್ಕೆ ಬಣ್ಣ ಬಳಿದು ಬೇರೆ ಜನಾಂಗದವರಾಗಿ ನಟಿಸೋದು, ಸಲಿಂಗಿಗಳ ಮೇಲಿನ ಅಗ್ಗದ ಜೋಕು, ಚೆಂದದ ಹುಡುಗಿ ಬರೀ ಅಲಂಕಾರಕ್ಕೆ. ಮಧ್ಯವಯಸ್ಸಿನ ಹೆಂಗಸರ ಪಾತ್ರವನ್ನೆಲ್ಲ ಗಂಡಸರೇ ಕೀರಲು ದನಿಯಲ್ಲಿ ಮಾಡಿದರು. ನಟಿ ಕ್ಯಾರಲ್ ಕ್ಲೀವ್‌ಲ್ಯಾಂಡ್‌ಗೆ ಸಿಕ್ಕಿದ್ದು ಹೆಚ್ಚಾಗಿ ಅಲಂಕಾರದ ಪಾತ್ರ, ಆಕೆಗೆ ಹಾಸ್ಯದ ಸಾಲು ಕೊಟ್ಟಾಗೆಲ್ಲ ಟೈಮಿಂಗ್ ಎಷ್ಟು ಚೊಕ್ಕ ಅಂತ ಕಾಣುತ್ತೆ. ನಷ್ಟ ಯಾರದು ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಕ್ರಮ. ಒಂದನೇ ಎಪಿಸೋಡಿನಿಂದ ಶುರು ಮಾಡಬೇಡಿ, ಅಲ್ಲಿ ಅವರೇ ಇನ್ನೂ ಹದ ಹುಡುಕ್ತಿದ್ದಾರೆ.

ಮೊದಲು ಎರಡನೇ ಸರಣಿಯ ಎರಡನೆಯದು, 1970ರ ಸೆಪ್ಟೆಂಬರ್ 22ರದ್ದು. ಸ್ಪ್ಯಾನಿಷ್ ಇನ್‌ಕ್ವಿಸಿಷನ್‌ನವರು (ಸ್ಪೇನಿನ ಹಳೇ ಧರ್ಮವಿಚಾರಣೆಯವರು) ಯಾರೂ ನಿರೀಕ್ಷಿಸದಾಗ ನುಗ್ಗೋದು ಎಲ್ಲರಿಗೂ ಗೊತ್ತು. ಆದರೆ ಕ್ಲಿಪ್‌ನಲ್ಲಿ ಸಿಗದ ಭಾಗ ಕೊನೇದು: ಅವರು ಬಸ್ಸು ಹಿಡಿದು ಓಲ್ಡ್ ಬೇಲಿ ಕೋರ್ಟಿಗೆ ಓಡ್ತಿರೋವಾಗ ಕೊನೆಯ ಹೆಸರುಪಟ್ಟಿ ತೆರೆ ಮೇಲೆ ಏರ್ತಾ ಇರುತ್ತೆ. ಪಟ್ಟಿ ಮುಗಿಯೋದರೊಳಗೆ ತಲುಪಬೇಕು ಅನ್ನೋ ಪೈಪೋಟಿ. ಒಳಗೆ ನುಗ್ಗಿ ಬಾಯಿ ತೆರೆಯೋ ಹೊತ್ತಿಗೆ ‘ಮುಕ್ತಾಯ’. ಇಪ್ಪತ್ತೈದು ನಿಮಿಷ ಸಾಕಿದ ಜೋಕು ಅದು. ಅಂದಹಾಗೆ, ಸ್ಟ್ರೀಮಿಂಗ್‌ನಲ್ಲಿ ನೋಡೋದಾದರೆ ‘ಮುಂದಿನ ಎಪಿಸೋಡ್ ತಾನಾಗಿ’ ಅನ್ನೋದನ್ನ ಆಫ್ ಮಾಡಿ. ಇಲ್ಲದಿದ್ದರೆ ಹೆಸರುಪಟ್ಟಿ ಬಂದ ಕೂಡಲೆ ಚಿತ್ರ ಮೂಲೆಗೆ ಕುಗ್ಗಿ ಈ ಜೋಕೇ ಸತ್ತುಹೋಗುತ್ತೆ. ‘ಟೈಟಲ್ ಬಿಟ್ಟು ಮುಂದೆ ಹೋಗು’ ಬಟನ್ನೂ ಮುಟ್ಟಬೇಡಿ, ಟೈಟಲ್ ಎಲ್ಲಿ ಬರುತ್ತೆ ಅನ್ನೋದರಲ್ಲೂ ಆಟ ಇದೆ.

ಆಮೇಲೆ ಅದೇ ಸರಣಿಯ ಮೊದಲನೆಯದು, ಸಿಲ್ಲಿ ವಾಕ್ಸ್ ಇರೋದು. ನಂತರ ಮೊದಲ ಸರಣಿಯ ಎಂಟನೆಯದು. ಅಲ್ಲಿ ಕರ್ನಲ್ ಇಡೀ ಅರ್ಧ ಗಂಟೆಗೆ ಕಾವಲು, ಗಿಣಿಯೂ ಅವನ ಕೈಗೆ ಸಿಕ್ಕಿಬೀಳುತ್ತೆ. ಮೂರನೇ ಸರಣಿಯ ಮೂರನೆಯದರಲ್ಲಿ ವಾದದ ಕ್ಲಿನಿಕ್. ಅಷ್ಟಾದ ಮೇಲೆ ಒಂದರಿಂದ ಸಾಲಾಗಿ ಬನ್ನಿ. ಮೂರನೇ ಸರಣಿಯ ‘ದ ಸೈಕ್ಲಿಂಗ್ ಟೂರ್’ ಮಾತ್ರ ಮುಂಚೆ ನೋಡಬೇಡಿ. ಅದು ಹೆಚ್ಚೂಕಡಿಮೆ ಒಂದೇ ಕಥೆ, ಉಳಿದವುಗಳ ಅಭ್ಯಾಸ ಆಗಿದ್ದರೆ ಮಾತ್ರ ಅದರ ಚೇಷ್ಟೆ ತಿಳಿಯುತ್ತೆ. 1974ರ ನಾಲ್ಕನೇ ಸರಣಿ ಆರೇ ಎಪಿಸೋಡು, ತೆರೆ ಮೇಲೆ ಕ್ಲೀಸ್ ಇಲ್ಲ. ಉದ್ದುದ್ದ ಕಥೆ, ಏರಿಳಿತ ಜಾಸ್ತಿ, ಕೊನೆಗಿರಲಿ.

---

ಚೀಟಿಬರಹ:

ನೋಡುವಾಗ ಯಾರು ಬರೆದದ್ದು ಅಂತ ಊಹಿಸಿದರೆ ಎಪಿಸೋಡಿನ ನಡಿಗೆ ಬೇಗ ಹಿಡಿಯುತ್ತೆ. ಕ್ಲೀಸ್ ಮತ್ತು ಚಾಪ್ಮನ್ ಜೋಡಿ: ಒಂದು ಕೋಣೆ, ಒಂದು ಮೇಜು, ಇಬ್ಬರು ಎದುರುಬದುರು, ಒಬ್ಬ ಪಟ್ಟು ಬಿಡದವ, ಪದಕೋಶ ಖಾಲಿಯಾಗೋವರೆಗೂ ಪಟ್ಟಿ. ಗಿಣಿ, ಚೀಸ್ ಅಂಗಡಿ ಎರಡೂ ಅದೇ ಅಚ್ಚು. ಪೇಲಿನ್ ಮತ್ತು ಜೋನ್ಸ್ ಜೋಡಿ: ಹೊರಾಂಗಣ, ಬಯಲು ಸೀಮೆಯ ಮೇಲೆ ನಿಧಾನಕ್ಕೆ ಹೊರಳೋ ಕ್ಯಾಮೆರಾ, ವೇಷಭೂಷಣ. ಎರಿಕ್ ಐಡಲ್ ಒಬ್ಬರೇ ಬರೀತಿದ್ರು, ಮಾತಿನ ಚಮತ್ಕಾರ, ಉಸಿರು ಬಿಡದ ಸ್ವಗತ ಬಂದರೆ ಅವರದ್ದಿರಬಹುದು. ಗಿಲಿಯಂ ಕೂಡ ಒಬ್ಬರೇ, ಈ ತುದಿಯ ಸ್ಕೆಚ್‌ನಿಂದ ಆ ತುದಿಯ ಸ್ಕೆಚ್‌ಗೆ ತಲುಪಿಸಬೇಕು ಅನ್ನೋದಷ್ಟೇ ಅವರಿಗಿದ್ದ ಷರತ್ತು.

ಬರೆದದ್ದನ್ನ ಎಲ್ಲರೆದುರು ಗಟ್ಟಿಯಾಗಿ ಓದೋದು, ಉಳಿದವರು ನಕ್ಕರೆ ಒಳಗೆ, ಇಲ್ಲದಿದ್ದರೆ ಹೊರಗೆ. ಪಾತ್ರ ಹಂಚೋದು ಅದಾದ ಮೇಲೆ. ಹಾಗಾಗಿ ‘ಈ ವಾರ ನನಗೆ ಪಾತ್ರ ಕಮ್ಮಿ’ ಅಂತ ಯಾರಿಗೋಸ್ಕರವೂ ಸ್ಕೆಚ್ ತುರುಕಿದ್ದು ಕಾಣೋದಿಲ್ಲ.

ಕತ್ತರಿಸಿದರೆ ಏನಾಗುತ್ತೆ ಅನ್ನೋದಕ್ಕೆ ಕೋರ್ಟಿನ ದಾಖಲೆಯೇ ಇದೆ. 1975ರಲ್ಲಿ ಅಮೆರಿಕದ ಎಬಿಸಿ ಟೀವಿ ನಾಲ್ಕನೇ ಸರಣಿಯ ಮೂರು ಎಪಿಸೋಡ್ ಸೇರಿಸಿ 90 ನಿಮಿಷದ ಕಾರ್ಯಕ್ರಮ ಮಾಡಿತು, ಜಾಹೀರಾತಿಗೆ ಅಂತ 24 ನಿಮಿಷ ತೆಗೆದುಹಾಕಿತು. ತಂಡ ದಾವೆ ಹೂಡಿತು. 1976ರಲ್ಲಿ ಮೇಲ್ಮನವಿ ಕೋರ್ಟು ಇವರ ಪರ ನಿಂತಿತು. ಕೃತಿಯನ್ನ ವಿರೂಪ ಮಾಡಿ ಲೇಖಕರ ಹೆಸರಲ್ಲೇ ತೋರಿಸೋದು ತಪ್ಪು ಅನ್ನೋ ವಾದಕ್ಕೆ ಅಮೆರಿಕದ ಕಾನೂನು ಓದೋರು ಇವತ್ತಿಗೂ ‘ಗಿಲಿಯಂ ವರ್ಸಸ್ ಎಬಿಸಿ’ಯನ್ನ ಉದಾಹರಿಸ್ತಾರೆ.

---

ಅರ್ಧಟಿಕೆಟ್:

ಯಾಡಿಫ್ 2ಎಕ್ಸ್ ಹಾಕಿದ ಮೇಲೆ ಗೆರೆ ಹೋಯ್ತು, ಹಳೇಟೇಪು ಅವರಿಗೆ ಥ್ಯಾಂಕ್ಸ್. ಇನ್ನೊಂದು ಕೇಳಲಾ? ನಾಲ್ಕೈದು ನಿಮಿಷದ ಸಣ್ಣ ವಿಡಿಯೋ ಸ್ಕೆಚ್ ಬರೆಯೋರು ಈ ‘ಪಂಚ್‌ಲೈನ್ ಬೇಡ’ ಅನ್ನೋದನ್ನ ಎತ್ತಿಕೊಂಡರೆ ಸುಮ್ಮನೆ ಅರ್ಧಕ್ಕೆ ನಿಂತಂತೆ ಕಾಣುತ್ತಲ್ಲ, ಯಾಕೆ? ಗಿಲಿಯಂ ಥರದ ಕತ್ತರಿ-ಕಾಗದದ ಅನಿಮೇಷನ್ ಮನೆಯಲ್ಲಿ ಸಾಧ್ಯಾನಾ?

---

ತೆರೆಹಿಂದೆ:

ಅರ್ಧಕ್ಕೆ ನಿಂತಂತೆ ಕಾಣೋದಕ್ಕೆ ಸಾಮಾನ್ಯವಾಗಿ ಮೂರು ಕಾರಣ.

ಒಂದು, ಎಲ್ಲರೂ ಹುಚ್ಚರ ಥರ ಆಡ್ತಾರೆ. ಒಂದೇ ಒಂದು ವಿಚಿತ್ರ ಇರಬೇಕು, ಸುತ್ತ ಇರೋರೆಲ್ಲ ಅದನ್ನ ಆಫೀಸ್ ಕೆಲಸದಷ್ಟು ಸಹಜವಾಗಿ ನಡೆಸಬೇಕು. ಸಿಲ್ಲಿ ವಾಕ್ಸ್‌ನಲ್ಲಿ ನಡಿಗೆಗಿಂತ ಮುಖ್ಯವಾದದ್ದು ಅಲ್ಲಿನ ಸರ್ಕಾರಿ ಮಾತು: ಅನುದಾನ, ಬಜೆಟ್, ಬೇರೆ ಖಾತೆಗಳ ಜತೆ ಹೋಲಿಕೆ. ಆ ವಿಚಿತ್ರ ಏನು ಅಂತ ಮೊದಲ 20 ಸೆಕೆಂಡಲ್ಲಿ ನೋಡೋರಿಗೆ ಗೊತ್ತಾಗಲಿ.

ಎರಡು, ಅದೇ ಜೋಕು ಮೂರು ಸಲ ಬರುತ್ತೆ, ಏರೋದಿಲ್ಲ. ಪ್ರತಿ ಸುತ್ತಿನಲ್ಲಿ ನೆಲ ಬದಲಾಗಲಿ. ಗಿಣಿಯಲ್ಲಿ ಮೊದಲು ‘ಮಲಗಿದೆ’, ಆಮೇಲೆ ಹಕ್ಕಿಯ ಅಂದಚೆಂದದ ಹೊಗಳಿಕೆ, ಆಮೇಲೆ ತಾಯ್ನಾಡಿನ ಕೊರಗು. ಸುಳ್ಳು ಒಂದೇ, ನಿಲ್ಲೋ ಜಾಗ ಬೇರೆ ಬೇರೆ.

ಮೂರು, ಹೊರಹೋಗೋ ಬಾಗಿಲನ್ನ ಮೊದಲೇ ತೋರಿಸಿರೋದಿಲ್ಲ. ಕರ್ನಲ್ ಕೊನೆಯಲ್ಲಿ ಒಮ್ಮೆ ಮಾತ್ರ ಬಂದಿದ್ದರೆ ಅದು ಬರೆಯೋನ ಸೋಮಾರಿತನ ಅನ್ನಿಸ್ತಿತ್ತು. ಮುಂಚೆ ಎರಡು ಸಲ ಬಂದಿರೋದರಿಂದ, ಮೂರನೇ ಸಲ ‘ಇವನು ಯಾವಾಗ ಬರ್ತಾನೋ’ ಅಂತ ಕಾಯೋ ಹಾಗಾಗುತ್ತೆ. ಮತ್ತೆ, ನಿಲ್ಲಿಸೋದು ನಗು ಇಳಿದ ಮೇಲಲ್ಲ, ಇನ್ನೂ ಏರ್ತಿರುವಾಗ. ನಿಮ್ಮದು ಒಂದೇ ಸ್ಕೆಚ್‌ನ ವಿಡಿಯೋ ಆಗಿದ್ದರೆ, ಮುಂದೆ ಹರಿಯೋಕೆ ಏನೂ ಇಲ್ಲದಿರೋದರಿಂದ ಒಂದು ಸರಳ ಪಂಚ್‌ಲೈನೇ ವಾಸಿ. ಕನಿಷ್ಠ ಎರಡು ಮೂರು ಸ್ಕೆಚ್ ಇದ್ದಾಗ ಮಾತ್ರ ಈ ದಾರಿ ಹಿಡೀರಿ.

---

ಹಳೇಟೇಪು:

ಅನಿಮೇಷನ್ ಸಾಧ್ಯ. ಗಿಲಿಯಂ ವಿಧಾನದಲ್ಲಿ ಹಳೆಯ ಫೋಟೋ, ಅಚ್ಚುಚಿತ್ರಗಳನ್ನು ಕತ್ತರಿಸಿ, ಏರ್‌ಬ್ರಷ್‌ನಲ್ಲಿ ಬಣ್ಣ ಕೊಟ್ಟ ಹಿನ್ನೆಲೆಯ ಮೇಲಿಟ್ಟು, ಮೇಲಿನಿಂದ ನೇರ ಕೆಳಗೆ ನೋಡುವ ಕ್ಯಾಮೆರಾದಡಿ ಸರಿಸುತ್ತಾ ಹೋಗುವುದು. ಟೈಟಲಿನಲ್ಲಿ ಮೇಲಿಂದ ಬಂದು ತುಳಿಯುವ ದೊಡ್ಡ ಪಾದವೂ ಹಾಗೆಯೇ ಕತ್ತರಿಸಿದ್ದು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಬ್ರೊಂಜಿನೋ ಚಿತ್ರದ ಕ್ಯುಪಿಡ್‌ನದು. ಟೈಟಲ್ ಸಂಗೀತ ಸೂಸಾ ಎಂಬ ಸಂಗೀತಗಾರ 1893ರಲ್ಲಿ ರಚಿಸಿದ ಕವಾಯತು ಬ್ಯಾಂಡಿನ ಸಂಗೀತ. ಹಳೆಯದನ್ನು ಬಳಸಿದರೆ ಹಕ್ಕಿನ ತಾಪತ್ರಯ ಕಡಿಮೆ. ನೀವೂ ಹಕ್ಕುಸ್ವಾಮ್ಯ ಮುಗಿದ ಚಿತ್ರಗಳನ್ನೇ ಆರಿಸಿ.

ಸೆಕೆಂಡಿಗೆ 25 ಫ್ರೇಮ್, ಒಂದು ಭಂಗಿಗೆ ಎರಡು ಫ್ರೇಮ್ ಎಂದಿಟ್ಟುಕೊಂಡರೆ ಒಂದು ನಿಮಿಷಕ್ಕೆ 750 ಫೋಟೋ. ಮೊದಲ ಸಲ 15 ಸೆಕೆಂಡಿನದು ಮಾಡಿ, ಸುಮಾರು 190 ಫೋಟೋ. ಚಿತ್ರಗಳನ್ನು 200 ಜಿಎಸ್‌ಎಂ ಆಸುಪಾಸಿನ ಕಾಗದಕ್ಕೆ ಪ್ರಿಂಟ್ ಹಾಕಿ. ತೆಳುವಾದರೆ ಅಂಚು ಮಡಚಿ ಏಳುತ್ತದೆ. ಕತ್ತರಿಸಿದ ಬಿಳಿ ಅಂಚಿಗೆ ಕಪ್ಪು ಅಥವಾ ಹೊಂದುವ ಬಣ್ಣದ ಪೆನ್ ಎಳೆಯಿರಿ, ಇಲ್ಲದಿದ್ದರೆ ಪ್ರತಿ ಆಕೃತಿಯ ಸುತ್ತ ಬಿಳಿ ಗೆರೆ ಮಿಣುಗುತ್ತದೆ. ಮೇಲೊಂದು ಗಾಜು ಇಟ್ಟರೆ ಕಾಗದ ಚಪ್ಪಟೆ ನಿಂತು ನೆರಳು ಬೀಳದು. ದೀಪ ಎರಡೂ ಬದಿಯಿಂದ 45 ಡಿಗ್ರಿಯಲ್ಲಿರಲಿ, ನೇರ ಮೇಲಿಂದ ಬಿಟ್ಟರೆ ಗಾಜಿನಲ್ಲಿ ದೀಪವೇ ಕಾಣುತ್ತದೆ. ಕ್ಯಾಮೆರಾದ ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ನಿಮ್ಮ ಕೈ ಸರಿದಾಗಲೆಲ್ಲ ಬೆಳಕು ಕುಣಿಯುತ್ತದೆ. ಕಿಟಕಿ ಮುಚ್ಚಿ, ಮೋಡ ಬಂದರೂ ಅದೇ ಪಾಡು.

ಚಲನೆ ನುಣುಪಾಗಿಸಲು ಹೋಗಬೇಡಿ. ಕಾಲಿಗೆ ಎರಡು ಕೀಲು, ದವಡೆಗೆ ಒಂದು, ಅಷ್ಟು ಸಾಕು. ಒರಟು ಚಲನೆಯನ್ನು ಹೊರುವುದು ಶಬ್ದ. ಪಾದ ನೆಲ ಮುಟ್ಟುವ ಫ್ರೇಮಿನಲ್ಲೇ ಶಬ್ದ ಶುರುವಾಗಬೇಕು, ಮೂರ್ನಾಲ್ಕು ಫ್ರೇಮ್ ತಡವಾದರೂ ತೂಕ ಹೋಗಿ ಬರೀ ಕಾಗದ ಕಾಣುತ್ತದೆ.